ಹೊರೆ ಕಟ್ಟುವ ವಿದ್ಯೆ

ನಮ್ಮ ನುಡಿಯಲ್ಲಿ 'ಕಟ್ಟು' ಎಂಬ ಶಬ್ದಕ್ಕಿರುವಷ್ಟು ದುಡಿಮೆ ಬೇರೆ ಶಬ್ದಗಳಿಗಿರುವುದು ಅಪೂರ್ವ. ಮನೆಯನ್ನು ಕಟ್ಟುತ್ತೇವೆ, ಕೆರೆಯನ್ನು ಕಟ್ಟುತ್ತೇವೆ, ಹಾಡನ್ನು ಕಟ್ಟುತ್ತೇವೆ, ಬುತ್ತಿಯನ್ನು ಕಟ್ಟುತ್ತೇವೆ. ತಾಳಿ ಕಟ್ಟುವುದೂ ಕಂದಾಯ ಕಟ್ಟುವುದೂ ಪಣ ಕಟ್ಟುವುದೂ ಅದೇ ಶಬ್ದದಿಂದ ನಡೆಯಬೇಕು. ಊರಿನ ನಿಯಮಕ್ಕೆ ಕಟ್ಟಳೆಯೆಂದೂ ನಡತೆಯ ನಿಯಮಕ್ಕೆ ಕಟ್ಟುಪಾಡೆಂದೂ ಹೆಸರು. ಇಷ್ಟೆಲ್ಲ ಘನವಾದ ಕಟ್ಟುಗಳ ನಡುವೆ ಹೊರೆ ಕಟ್ಟುವುದೆಂಬ ಬಡ ಕೆಲಸವೂ ಒಂದಿದೆ. ಅದನ್ನು ಶಾಲೆಯಲ್ಲಿ ಕಲಿಸುವುದಿಲ್ಲ. ಚೆನ್ನಾಗಿ ಕಟ್ಟಿದವನನ್ನು ಸಭೆಯಲ್ಲಿ ಸನ್ಮಾನಿಸುವುದಿಲ್ಲ. ಕಟ್ಟು ಬಿಚ್ಚಿಹೋದ ದಿನ ಮಾತ್ರ ಅದರ ನೆನಪು ಲೋಕಕ್ಕೆ ಬರುತ್ತದೆ.

ನನಗೆ ಆ ನೆನಪು ಬಂದುದೂ ಹಾಗೆಯೇ. ಕೆಲವು ವರ್ಷಗಳ ಹಿಂದೆ ತುರುವೇಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಸಂಜೆಯ ಹೊತ್ತು, ಶಾಲೆ ಬಿಟ್ಟ ಮಕ್ಕಳು ರಸ್ತೆಯ ಅಂಚಿನಲ್ಲಿ ಸಾಲಾಗಿ ನಡೆದಿದ್ದರು. ನಮ್ಮ ಮುಂದೆ ಕಾಯಿ ಸುಲಿದ ಮಟ್ಟೆಯನ್ನು ಬೆಟ್ಟದಂತೆ ಒಟ್ಟಿಕೊಂಡು ಲಾರಿಯೊಂದು ಓಲಾಡುತ್ತ ಸಾಗಿತ್ತು. ರಸ್ತೆಯ ಉಬ್ಬೊಂದನ್ನು ಅದು ಹತ್ತಿ ಇಳಿದಾಗ ಒಂದು ಪಕ್ಕದ ಹಗ್ಗ ಸಡಿಲಿ ಜಾರಿತು. ಬೆಟ್ಟದ ಒಂದು ಮಗ್ಗುಲು ಸದ್ದಿಲ್ಲದೆ ಕುಸಿದು ರಸ್ತೆಗೆ ಬಂದಿತು. ಸೈಕಲ್ ತುಳಿಯುತ್ತಿದ್ದ ಹುಡುಗನೊಬ್ಬ ಅದರ ಕೆಳಗೆ ಸಿಕ್ಕಿದ. ಮಟ್ಟೆಯೆಂದರೆ ಹಗುರವಾದ ವಸ್ತು. ಆದುದರಿಂದ ಮುರಿದ ಕೈಯೊಂದಿಗೆ ಅವನು ಎದ್ದು ಕುಳಿತ. ಅದೇ ಜಾಗದಲ್ಲಿ ಸುಲಿಯದ ಕಾಯಿಯೋ ಕಲ್ಲೋ ಇದ್ದಿದ್ದರೆ ಎಂದು ಯೋಚಿಸಲು ನಮಗಾರಿಗೂ ಧೈರ್ಯ ಬರಲಿಲ್ಲ. ಜನ ಲಾರಿಯ ಚಾಲಕನನ್ನು ಮುತ್ತಿದರು. ಅವನು ನಡುಗುತ್ತ ಹೇಳಿದ ಮಾತು ಒಂದೇ: "ಕಟ್ಟಿದ್ದು ನಾನಲ್ಲ ಸ್ವಾಮಿ, ಲೋಡು ಮಾಡಿದೋರು ಕಟ್ಟಿದ್ದು." ಲೋಡು ಮಾಡಿದವರು ಎಂಟು ಹತ್ತು ಮೈಲಿ ಹಿಂದೆ ಯಾವುದೋ ತೋಟದ ಬದಿಯಲ್ಲಿ ಮುಂದಿನ ಲಾರಿಯನ್ನು ತುಂಬುತ್ತಿದ್ದಿರಬೇಕು. ಲಾರಿಯ ಯಜಮಾನ ಬೇರೆ, ಸರಕಿನ ಯಜಮಾನ ಬೇರೆ. ಆ ಹಗ್ಗಕ್ಕೆ ಮಾತ್ರ ಯಜಮಾನನೇ ಇರಲಿಲ್ಲ.

ಆ ದಿನದಿಂದ ಹೊರೆ ಕಟ್ಟುವುದನ್ನು ಕುರಿತು ತಿಳಿಯಬೇಕೆಂಬ ಆಸೆ ನನ್ನಲ್ಲಿ ಬೇರೂರಿತು. ತಿಳಿಯುವುದಕ್ಕೆ ನಮ್ಮ ಸೀಮೆಗಿಂತ ತಕ್ಕ ಸ್ಥಳ ಬೇರೆ ಯಾವುದಿದೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳು ಕಲ್ಪತರುವಿನ ನಾಡು. ಇಲ್ಲಿ ಬೆಳೆದುದರಲ್ಲಿ ಬಹುಪಾಲು ಇಲ್ಲಿಯೇ ಉಳಿಯುವುದಿಲ್ಲ. ಹೊರೆಯಾಗಿ ಊರು ಬಿಡುತ್ತದೆ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಒಟ್ಟಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದಾಗ ಗಡಗಡನೆ ಸದ್ದು ಮಾಡುತ್ತದೆ. ಅದೇ ಉಂಡೆ ಕೊಬ್ಬರಿ. ನಮ್ಮವರ ಬಾಯಲ್ಲಿ ಗಿಟುಕು. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾದ ಈ ಕೊಬ್ಬರಿಗೆ ಉತ್ತರ ಭಾರತದ ಹಬ್ಬಗಳಲ್ಲಿಯೂ ಮದುವೆಗಳಲ್ಲಿಯೂ ದೊಡ್ಡ ಮರ್ಯಾದೆ. ದೆಹಲಿಯನ್ನು ಮುಟ್ಟಬೇಕಾದರೆ ಅದು ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಲಾರಿಯ ಬೆನ್ನ ಮೇಲೆ ಸವೆಸಬೇಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿಯೇ ಹತ್ತು ಟನ್ನಿನ ಒಂದು ಲೋಡಿನ ಬೆಲೆ ಹನ್ನೆರಡು ಲಕ್ಷವನ್ನು ದಾಟುತ್ತದೆ. ಒಂದು ಸಂಸಾರದ ವರ್ಷಗಳ ಬೆವರು ಕೆಲವು ಮಾರು ಹಗ್ಗದ ಮೇಲೆ ನಿಂತಿರುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಲಾರಿ ಬರುವುದಕ್ಕೆ ಮುಂಚೆ ಈ ಹೊರೆಯೆಲ್ಲ ಎತ್ತಿನ ಗಾಡಿಯದಾಗಿತ್ತು. ಗಾಡಿ ಹೇರುವವನಿಗೆ ಒಂದು ಅನುಕೂಲವಿದ್ದಿತು: ಅವನ ತಪ್ಪನ್ನು ಎತ್ತುಗಳು ಆ ಗಳಿಗೆಯಲ್ಲಿಯೇ ಹೇಳುತ್ತಿದ್ದವು. ಮುಂಭಾರವಾದರೆ ನೊಗ ಹೆಗಲನ್ನು ಒತ್ತಿ ಎತ್ತು ತಲೆ ತಗ್ಗಿಸುವುದು. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಉರುಲಾಗುವುದು. ಹತ್ತು ಹೆಜ್ಜೆ ನಡೆಸಿ ನೋಡಿ, ಎರಡು ಮೂಟೆಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ತೂಕ ಕೂಡುತ್ತಿತ್ತು. ಲಾರಿಗೂ ಈ ನಿಯಮ ತಪ್ಪಿದ್ದಲ್ಲ. ಹಿಂದಿನ ಅಚ್ಚಿನಾಚೆಗೆ ಭಾರ ಹೆಚ್ಚಾದರೆ ಮುಂದಿನ ಚಕ್ರಗಳು ಹಗುರಾಗಿ ಚುಕ್ಕಾಣಿ ಮಾತು ಕೇಳದು. ಎತ್ತರಕ್ಕೆ ಭಾರ ಏರಿದರೆ ತಿರುವಿನಲ್ಲಿ ವಾಹನ ಮಗುಚುವ ಭಯ. ಆದರೆ ಲಾರಿಗೆ ಬಾಯಿಲ್ಲ. ಎಂತಹ ಹೊರೆಯನ್ನು ಹೇರಿದರೂ ಅದು ಗುಡುಗಿ ಹೊರಟುಬಿಡುತ್ತದೆ. ತಪ್ಪನ್ನು ಹೇಳುವುದು ಐವತ್ತನೆಯ ಮೈಲಿಯ ತಿರುವಿನಲ್ಲಿ.

ಒಂದು ಸಂಜೆ ಮಾರುಕಟ್ಟೆಯ ಬಳಿ ಲೋಡು ಕಟ್ಟುತ್ತಿದ್ದ ಮುದುಕರೊಬ್ಬರ ಪಕ್ಕದಲ್ಲಿ ಹೋಗಿ ನಿಂತೆ. ಅರವತ್ತನ್ನು ದಾಟಿದ ವಯಸ್ಸು, ಹಗ್ಗ ಜಗ್ಗಿ ಜಗ್ಗಿ ಚರ್ಮದಂತಾದ ಅಂಗೈ. ಹುಡುಗರು ಮೂಟೆ ಹೊತ್ತು ತಂದರೆ ಇವರು ಅದನ್ನು ಇಡಿಸುತ್ತಿದ್ದರು. ಕೆಳಗಿನ ವರಸೆಯಲ್ಲಿ ಮೂಟೆಗಳು ಉದ್ದುದ್ದವಾಗಿ ಮಲಗಿದರೆ, ಅದರ ಮೇಲಿನ ವರಸೆಯಲ್ಲಿ ಅಡ್ಡಡ್ಡವಾಗಿ. ಕಟ್ಟಡದ ಇಟ್ಟಿಗೆಯಂತೆ ಒಂದರ ಸಂದನ್ನು ಇನ್ನೊಂದು ಮುಚ್ಚಬೇಕು. ಮೂಟೆಯ ಹೊಲಿದ ಬಾಯಿ ಒಳಮುಖವಾಗಿರಬೇಕು. ಮೊದಲ ಮೂಟೆಯು ಚಾಲಕನ ಬೆನ್ನ ಹಿಂದಿನ ತಡೆಹಲಗೆಗೆ ಅಂಟಿಕೊಂಡೇ ಕೂರಬೇಕು. ನಡುವೆ ಒಂದು ಗೇಣು ಜಾಗ ಉಳಿದುದನ್ನು ಕಂಡು ಅವರು ಇಡೀ ವರಸೆಯನ್ನು ಬಿಚ್ಚಿಸಿದರು.

"ಯಜಮಾನರೇ, ಹೇಗೂ ಹಗ್ಗ ಕಟ್ಟುತ್ತೀರಿ. ಒಂದು ಗೇಣಿಗೆ ಇಷ್ಟು ಕೆಲಸವೇಕೆ?" ಎಂದು ಕೇಳಿದೆ.

ಅವರು ನಕ್ಕರು. "ಹಗ್ಗ ಹೊರೇನ ಹಿಡಿಯೋದಿಲ್ಲ ಮೇಷ್ಟ್ರೇ. ಹೊರೆ ಹಲಗೇನ ಹಿಡಕೊಳ್ಳೋ ಹಾಗೆ ಮಾಡ್ತದೆ, ಅಷ್ಟೇಯ."

ಈ ಮಾತನ್ನು ನಾನು ಮನೆಗೆ ಕೊಂಡುಹೋಗಿ ಭೌತಶಾಸ್ತ್ರದ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಪುಸ್ತಕಕ್ಕಿಂತ ಮಾತೇ ಚಿಕ್ಕದು. ಅರ್ಥದಲ್ಲಿ ಎರಡಕ್ಕೂ ಭೇದವಿಲ್ಲ. ಚಲಿಸುವ ವಸ್ತು ಚಲಿಸುತ್ತಲೇ ಇರಬಯಸುತ್ತದೆ ಎಂದು ನ್ಯೂಟನ್ 1687ರಲ್ಲಿ ಬರೆದಿಟ್ಟನಷ್ಟೆ. ಲಾರಿಯನ್ನು ತಡೆಯುವುದು ಬ್ರೇಕು. ಆದರೆ ಬ್ರೇಕಿಗೆ ಚಕ್ರದ ಪರಿಚಯವೇ ಹೊರತು ಮೂಟೆಯ ಪರಿಚಯವಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವ ಲಾರಿಯ ಮೇಲಿನ ಮೂಟೆಗೂ, ಸುಮಾರು 46 ಅಡಿ ಎತ್ತರದ ತೆಂಗಿನ ಮರದಿಂದ ಕಳಚಿ ನೆಲ ಮುಟ್ಟುತ್ತಿರುವ ಕಾಯಿಗೂ ವೇಗ ಒಂದೇ. ಬೀಳುವ ಕಾಯಿಯ ಕೆಳಗೆ ನಿಲ್ಲಬಾರದೆಂದು ನಮ್ಮ ಸೀಮೆಯ ಎಳೆಯ ಮಗುವೂ ಬಲ್ಲುದು. ಲಾರಿಯ ಚಾಲಕನಾದರೋ ಅಂತಹ ನೂರಾರು ಮೂಟೆಗಳ ಮುಂದೆ, ಅವಕ್ಕೆ ಬೆನ್ನು ಕೊಟ್ಟು, ಹಾಡು ಕೇಳುತ್ತ ಕುಳಿತಿರುತ್ತಾನೆ.

ಹೊರೆಯ ಮೇಲೆ ಬೀಳುವ ಸೆಳೆತಗಳ ಲೆಕ್ಕವನ್ನು ಬೇರೆ ದೇಶಗಳಲ್ಲಿ ಕಾನೂನಿನಲ್ಲಿಯೇ ಬರೆದಿದ್ದಾರೆ. ಅಮೆರಿಕದ ನಿಯಮದಂತೆ ಕಟ್ಟಿದ ಸರಕು ಮುಂದಕ್ಕೆ ತನ್ನ ಭಾರದ ಹತ್ತರಲ್ಲಿ ಎಂಟು ಪಾಲಿನ ಸೆಳೆತವನ್ನೂ, ಹಿಂದಕ್ಕೂ ಪಕ್ಕಗಳಿಗೂ ಅರ್ಧದಷ್ಟು ಸೆಳೆತವನ್ನೂ ತಾಳಿ ನಿಲ್ಲಬೇಕು. ಮುಂದಿನ ಅಂಕಿ ದೊಡ್ಡದೇಕೆಂದರೆ ಲಾರಿ ಹೊರಡುವುದು ನಿಧಾನವಾಗಿ, ನಿಲ್ಲುವುದು ಹಠಾತ್ತಾಗಿ. ನಮ್ಮ ಹತ್ತು ಟನ್ ಕೊಬ್ಬರಿಗೆ ಈ ಲೆಕ್ಕವನ್ನು ಹಚ್ಚೋಣ. ಮುಂದಿನ ಸೆಳೆತ ಎಂಟು ಟನ್. ಹಲಗೆಯ ಮೇಲಿನ ಮೂಟೆ ತನ್ನ ಭಾರದಿಂದಲೇ ಹುಟ್ಟುವ ಘರ್ಷಣೆಯಿಂದ ನಾಲ್ಕು ಟನ್ನಿನಷ್ಟನ್ನು ತಡೆಯಿತೆಂದು ಭಾವಿಸೋಣ. ಉಳಿದ ನಾಲ್ಕು ಟನ್ನನ್ನೂ ಘರ್ಷಣೆಯಿಂದಲೇ ಪಡೆಯಬೇಕಾದರೆ ಹಗ್ಗಗಳು ಹೊರೆಯನ್ನು ಕೆಳಕ್ಕೆ ಇನ್ನೂ ಹತ್ತು ಟನ್ ಒತ್ತಬೇಕು. ಮನುಷ್ಯನ ತೋಳು ಜಗ್ಗಿದ ಹಗ್ಗಕ್ಕೆ ಅದು ಸಾಧ್ಯವಾಗುವ ಮಾತಲ್ಲ. ಆದುದರಿಂದಲೇ ಹೊರೆಯು ಮುಂದಿನ ತಡೆಹಲಗೆಗೆ ಒರಗಿರಬೇಕು. ಗೇಣು ಜಾಗ ಬಿಟ್ಟರೆ ಹೊರೆ ಆ ಗೇಣಿನಲ್ಲಿ ಓಡಿ ಬಂದು ಹಲಗೆಯನ್ನು ಗುದ್ದುತ್ತದೆ. ಒರಗಿದ ಭಾರವನ್ನು ತಾಳುವ ಹಲಗೆ ಗುದ್ದಿದ ಭಾರವನ್ನು ತಾಳೀತೆಂದು ಹೇಳುವಂತಿಲ್ಲ.

ಹಾಗಾದರೆ ಹಗ್ಗದ ಕೆಲಸವೇನು? ಮುದುಕರು ಹೇಳಿದುದೇ ಸರಿ: ಮೂಟೆಯನ್ನು ಮೂಟೆಗೂ ಹೊರೆಯನ್ನು ಹಲಗೆಗೂ ಒತ್ತಿ, ಬಿಡಿಬಿಡಿಯಾದುದನ್ನು ಇಡಿಯಾಗಿ ಮಾಡುವುದು. ರಸ್ತೆಯ ಉಬ್ಬಿನಲ್ಲಿ ಲಾರಿ ಕುಪ್ಪಳಿಸಿದಾಗ ಹೊರೆ ಒಂದು ಕ್ಷಣ ಹಗುರಾಗುತ್ತದೆ. ಆಗ ಘರ್ಷಣೆಯೂ ಕರಗುತ್ತದೆ. ಆ ಒಂದು ಕ್ಷಣದಲ್ಲಿ ಹೊರೆಯನ್ನು ಒತ್ತಿ ಹಿಡಿದಿರುವುದು ಹಗ್ಗವೊಂದೇ. ಅದು ನೇರವಾಗಿ ಮೇಲಿನಿಂದ ಕೆಳಕ್ಕೆ ಇಳಿದಷ್ಟೂ ಒತ್ತುವ ಶಕ್ತಿ ಪೂರ್ತಿ ದಕ್ಕುತ್ತದೆ. ಹಲಗೆಯೊಂದಿಗೆ 30 ಡಿಗ್ರಿಯ ಕೋನದಲ್ಲಿ ಓರೆಯಾದರೆ ಅರ್ಧ ಮಾತ್ರ. ಅಂದಮೇಲೆ ತಗ್ಗಾದ ಅಗಲವಾದ ಹೊರೆಯ ಮೇಲೆ ಮಲಗಿಕೊಂಡು ಹೋಗುವ ಹಗ್ಗ ನೋಡುವುದಕ್ಕೆ ಬಿಗಿಯಾಗಿದ್ದರೂ ಕೆಲಸದಲ್ಲಿ ಸೋಮಾರಿ.

ಮೂಟೆಯ ಕೆಲಸ ಮುಗಿದು ಟಾರ್ಪಾಲು ಹೊದಿಸಿ ಹಗ್ಗ ಎಸೆದಾಗ ಕತ್ತಲಾಗುತ್ತ ಬಂದಿತ್ತು. ಲಾರಿಗಂಟೆಂದು ಕರೆಯುವ ಗಂಟನ್ನು ಅವರು ಹಾಕಿದ ಬಗೆಯನ್ನು ಮೂರು ಸಲ ನೋಡಿದ ಮೇಲೆ ನನಗೆ ತಿಳಿಯಿತು. ಹಗ್ಗದ ನಡುವೆ ಒಂದು ಕುಣಿಕೆ; ತುದಿಯು ಕೆಳಗಿನ ಕೊಕ್ಕೆಯನ್ನು ಬಳಸಿ ಮೇಲೆ ಬಂದು ಆ ಕುಣಿಕೆಯೊಳಗೆ ನುಸುಳಿ ಮತ್ತೆ ಕೆಳಕ್ಕೆ. ಅಲ್ಲಿಂದ ಮೈಭಾರವನ್ನೆಲ್ಲ ಬಿಟ್ಟು ಜಗ್ಗುವುದು. ಬಾವಿಯ ರಾಟೆ ಮಾಡುವ ಕೆಲಸವನ್ನು ಇಲ್ಲಿ ಹಗ್ಗ ತನಗೆ ತಾನೇ ಮಾಡಿಕೊಳ್ಳುತ್ತದೆ. ಪುಸ್ತಕದ ಲೆಕ್ಕದಲ್ಲಿ ಜಗ್ಗಿದ ಬಲ ಮೂರು ಪಟ್ಟಾಗಬೇಕು. ಹಗ್ಗಕ್ಕೆ ಹಗ್ಗ ಉಜ್ಜಿ ತಿಂದುಹಾಕುವುದನ್ನು ಕಳೆದರೆ ಕೈಗೆ ದಕ್ಕುವುದು ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಒಬ್ಬನ ತೋಳಿಗೆ ಇನ್ನೊಬ್ಬನ ನೆರವು ಸಿಕ್ಕಂತಾಯಿತು. ಗುಣವಿರುವಲ್ಲಿ ದೋಷವೂ ಉಂಟು. ಗಂಟು ಬಿದ್ದ ಕಡೆಯಲ್ಲಿ ಹಗ್ಗ ತನ್ನ ಶಕ್ತಿಯ ಒಂದು ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಒಂದೇ ಜಾಗದಲ್ಲಿ ದಿನವೂ ಗಂಟು ಹಾಕಿದರೆ ಅಲ್ಲಿಯೇ ಸವೆದು ಹರಿಯುತ್ತದೆ. ಮುದುಕರು ಗಂಟಿನ ಜಾಗವನ್ನು ಲೋಡಿನಿಂದ ಲೋಡಿಗೆ ಬದಲಿಸುತ್ತಾರಂತೆ.

ಬಿಗಿಗೂ ಒಂದು ಮಿತಿಯುಂಟು. ಉಂಡೆ ಕೊಬ್ಬರಿಯ ಬೆಲೆಯಿರುವುದು ಅದು ಉಂಡೆಯಾಗಿರುವುದರಲ್ಲಿ. ಒಡೆದು ಚೂರಾದರೆ ದರ ಇಳಿಯಿತು. ಸಡಿಲಾಗಿ ಕಟ್ಟಿದರೆ ಹೊರೆ ಬಿದ್ದೀತು, ವಿಪರೀತ ಜಗ್ಗಿದರೆ ಅಂಚಿನ ಮೂಟೆ ನಲುಗೀತು. ಆದುದರಿಂದ ಹಗ್ಗ ತಿರುಗುವ ಮೂಲೆಗಳಲ್ಲೆಲ್ಲ ಅವರು ಮಡಿಸಿದ ಗೋಣಿಯನ್ನು ಮೆತ್ತೆಯಾಗಿ ಇಟ್ಟರು. ಮೂಲೆಯು ಹಗ್ಗವನ್ನು ಕೊಯ್ಯದಂತೆಯೂ ಹಗ್ಗವು ಮೂಟೆಯನ್ನು ಕೊಯ್ಯದಂತೆಯೂ ಒಂದೇ ಗೋಣಿ ಎರಡು ಪಕ್ಷಕ್ಕೂ ಮಧ್ಯಸ್ಥಿಕೆ ಮಾಡಿತು.

ಹಗ್ಗದ ಮಾತು ಬಂದಾಗ ಅವರು ಹಿಂದಿನ ಕತ್ತದ ಹಗ್ಗವನ್ನು ನೆನೆದರು. ಕಾಯಿಯ ಮಟ್ಟೆಯನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆದು, ಹೊಸೆದು ಹುರಿಮಾಡಿದ ಹಗ್ಗ ಅದು. ತೆಂಗಿನ ಫಲವನ್ನು ತೆಂಗಿನ ನಾರೇ ಕಟ್ಟಿ ಕಳುಹಿಸುತ್ತಿದ್ದ ಕಾಲ. ಕತ್ತ ಒರಟು, ಹಾಕಿದ ಗಂಟು ಕಚ್ಚಿಕೊಂಡು ಕೂರುತ್ತದೆ. ಆದರೆ ಎಳೆದಷ್ಟೂ ಹಿಗ್ಗುವ ಗುಣ ಅದಕ್ಕಿರುವುದರಿಂದ ದಾರಿಯಲ್ಲಿ ಮತ್ತೆ ಮತ್ತೆ ಬಿಗಿಯಬೇಕು. ಈಗಿನ ಪ್ಲಾಸ್ಟಿಕ್ ಹಗ್ಗ ಅಗ್ಗ, ಹಗುರ, ಮಳೆಗೆ ಕೊಳೆಯದು. ಆದರೆ ನುಣುಪಾದುದರಿಂದ ಗಂಟು ಜಾರಬಲ್ಲುದು, ಬಿಸಿಲಿಗೆ ಬೆಂದು ಒಳಗೊಳಗೇ ಟೊಳ್ಳಾಗಬಲ್ಲುದು. ನೇಯ್ದ ಪಟ್ಟಿಯನ್ನು ಹಲ್ಲುಗಾಲಿಯಿಂದ ಬಿಗಿಯುವ ಬೆಲ್ಟು ಇವೆರಡಕ್ಕಿಂತ ಮೇಲು; ಆದರೆ ಅದು ಹೊತ್ತುಬಲ್ಲ ಭಾರವನ್ನು ಅದರ ಮೇಲೆಯೇ ಬರೆದಿರುತ್ತಾರೆ, ಓದುವವರು ಬೇಕು.

ಇಷ್ಟೆಲ್ಲ ಕಟ್ಟಿದ ಮೇಲೆ ಚಾಲಕನಿಗೆ ಅವರು ಹೇಳಿದ ಬುದ್ಧಿಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರಿತು: "ಗುಬ್ಬೀಲಿ ಟೀ ಕುಡಿಯೋಕೆ ನಿಲ್ಲಿಸ್ತೀಯಲ್ಲ, ಟೀಗೆ ಮುಂಚೆ ಹಗ್ಗ ಮುಟ್ಟಿ ನೋಡಪ್ಪ." ಹೊರಟ ಹೊರೆ ನಿಂತ ಹೊರೆಯಲ್ಲ. ಮೂಟೆಯೊಳಗಿನ ಕೊಬ್ಬರಿ ಕುಲುಕಾಟಕ್ಕೆ ಒಂದರ ಸಂದಿನಲ್ಲಿ ಒಂದು ಇಳಿದು ಕೂರುತ್ತದೆ; ಹೊರೆ ಬೆರಳೆರಡರಷ್ಟು ತಗ್ಗುತ್ತದೆ; ತಿಪಟೂರಿನಲ್ಲಿ ವೀಣೆಯ ತಂತಿಯಂತಿದ್ದ ಹಗ್ಗ ಗುಬ್ಬಿಯಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಿರುತ್ತದೆ. ಅಮೆರಿಕದ ನಿಯಮವೂ ಹೊರಟು 50 ಮೈಲಿಯೊಳಗೆ ಒಮ್ಮೆ ಕಟ್ಟನ್ನು ಪರೀಕ್ಷಿಸಬೇಕೆಂದು ಹೇಳುತ್ತದೆ. 50 ಮೈಲಿಯೆಂದರೆ 80 ಕಿಲೋಮೀಟರು. ತಿಪಟೂರಿನಿಂದ ಹೊರಟವನು ತುಮಕೂರನ್ನು ದಾಟುವಷ್ಟರಲ್ಲಿ ಎಂದಾಯಿತು. ಸಾಗರದಾಚೆಯ ಶಾಸನಕಾರರೂ ನಮ್ಮ ಮಾರುಕಟ್ಟೆಯ ಮುದುಕರೂ ಒಂದೇ ತೀರ್ಮಾನಕ್ಕೆ ಬಂದುದನ್ನು ಕಂಡು ನನಗೆ ಸಂತೋಷವಾಯಿತು.

ಟಾರ್ಪಾಲಿನ ವಿಷಯವನ್ನೂ ಹಗುರಾಗಿ ಎಣಿಸುವಂತಿಲ್ಲ. ನೆನೆದ ಕೊಬ್ಬರಿಗೆ ಬೂಸಲು ಹಿಡಿಯುವುದು ಎಲ್ಲರಿಗೂ ಗೊತ್ತು. ಎಣ್ಣೆಯ ಪದಾರ್ಥವಾದುದರಿಂದ ಒದ್ದೆಯಾಗಿ ಒತ್ತೊತ್ತಾಗಿ ಬಿದ್ದ ಕೊಬ್ಬರಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಲೂ ಬಹುದೆಂಬುದು ಅನೇಕರಿಗೆ ತಿಳಿಯದು. ವಿಶ್ವಸಂಸ್ಥೆಯ ಅಪಾಯಕರ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯನ್ನು ಕೊಟ್ಟಿರುವುದು ಈ ಕಾರಣದಿಂದ. ನಮ್ಮ ಮನೆಯ ಡಬ್ಬದಲ್ಲಿರುವ ಸಾಧು ಕೊಬ್ಬರಿಗೆ ಲೋಕದಲ್ಲಿ ಇಂತಹ ಕೀರ್ತಿಯೂ ಇದೆ!

ಒಂದೊಂದು ಸರಕಿಗೂ ಒಂದೊಂದು ಸ್ವಭಾವ. ತುರುವೇಕೆರೆಯ ಕಪ್ಪು ಶಿಲೆ ವಿಧಾನಸೌಧದ ಅಲಂಕಾರಕ್ಕೆ ಹೋಯಿತೆಂಬುದು ನಮಗೆ ಅಭಿಮಾನದ ಸಂಗತಿ. ಅಂತಹ ಕಲ್ಲು ಒಂದೇ ಮುದ್ದೆ. ಜಾರಿದರೆ ಹೋಯಿತು, ಅದಕ್ಕೆ ಹಗ್ಗವಲ್ಲ, ಸರಪಳಿಯೂ ಅಡ್ಡಗಟ್ಟೆಯ ಮರವೂ ಬೇಕು. ಕಾಯಿ ಗುಂಡು, ರಾಶಿ ಹಾಕಿದರೆ ಪಕ್ಕದ ಹಲಗೆಗಳನ್ನು ಹೊರಕ್ಕೆ ನೂಕುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆಯ ಅದಿರಿನ ಲಾರಿಗಳನ್ನು ಹತ್ತಾರು ವರ್ಷಗಳ ಹಿಂದೆ ಕಂಡವರಿಗೆ ಹೊದಿಕೆಯಿಲ್ಲದ ಹೊರೆ ರಸ್ತೆಗೂ ತೋಟಕ್ಕೂ ಚೆಲ್ಲಿದ ಕೆಂಪು ಧೂಳು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ಆ ಲಾರಿಗಳ ಸಾಲೂ ನಿಂತಿತು. ಇನ್ನು ಮಟ್ಟೆಯ ಲಾರಿ: ಭಾರ ಕಡಿಮೆಯೆಂಬ ಧೈರ್ಯಕ್ಕೆ ಅದನ್ನು ಅಗಲಕ್ಕೂ ಎತ್ತರಕ್ಕೂ ಮಿತಿಮೀರಿ ಒಟ್ಟುತ್ತಾರೆ. ಹಗುರವಾದುದನ್ನು ಹಗುರವಾಗಿ ಎಣಿಸಿದುದರ ಫಲವನ್ನು ನಾನು ಬಸ್ಸಿನ ಕಿಟಕಿಯಿಂದ ಕಂಡೆನಷ್ಟೆ.

ಕಾನೂನು ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ, ಲಾರಿಯ ಮೈಯನ್ನು ಮೀರಿ ಪಕ್ಕಕ್ಕೋ ಹಿಂದುಮುಂದಕ್ಕೋ ಮಿತಿಮೀರಿದ ಎತ್ತರಕ್ಕೋ ಚಾಚಿದ ಹೊರೆಗೆ 20,000 ರೂಪಾಯಿ ದಂಡ. ಭಾರ ಹೆಚ್ಚಾದರೂ ಅಷ್ಟೇ ದಂಡ, ಮೇಲೆ ಹೆಚ್ಚಿದ ಪ್ರತಿಯೊಂದು ಟನ್ನಿಗೆ ಎರಡೆರಡು ಸಾವಿರ. ಆದರೆ ಹೊರೆ ಚಾಚಿದೆಯೇ ಎಂಬುದನ್ನು ಅಳತೆಗೋಲು ಹೇಳೀತು, ಭಾರವೆಷ್ಟೆಂಬುದನ್ನು ತಕ್ಕಡಿ ಹೇಳೀತು. ಹಗ್ಗ ಎಷ್ಟು ಪ್ರಾಮಾಣಿಕವಾಗಿ ಬಿಗಿದಿದೆಯೆಂಬುದನ್ನು ಹೇಳುವ ಯಂತ್ರ ನಮ್ಮ ಯಾವ ತಪಾಸಣೆಯ ಕಟ್ಟೆಯಲ್ಲಿಯೂ ಇಲ್ಲ. ಅದು ಕಟ್ಟಿದವನಿಗೂ ಕತ್ತಲೆಗೂ ಮಾತ್ರ ಗೊತ್ತಿರುವ ಸಂಗತಿ. ಅವನಿಗಾದರೋ ಕೂಲಿ ಸಿಗುವುದು ಮೂಟೆಯ ಲೆಕ್ಕದಲ್ಲಿ. ಗಂಟಿನ ಲೆಕ್ಕದಲ್ಲಿ ಅಲ್ಲ. ಕೊನೆಯ ಎರಡು ಹಗ್ಗವನ್ನು ಬಿಟ್ಟು ಮನೆಗೆ ಹೋದರೂ ಅವನ ಕೂಲಿಯಲ್ಲಿ ಕಾಸು ಕಡಿಮೆಯಾಗದು.

ನಾನು ಇದನ್ನೇ ಮುದುಕರಿಗೆ ಹೇಳಿದೆ. "ಸರಕು ಸಾಹುಕಾರರದು, ಲಾರಿ ಇನ್ನೊಬ್ಬರದು. ನೀವು ಯಾರಿಗಾಗಿ ಇಷ್ಟು ಮೈಮುರಿಯುತ್ತೀರಿ?"

ಅವರು ಹಗ್ಗದ ಉಳಿದ ತುದಿಯನ್ನು ಸುರುಳಿ ಸುತ್ತಿ, ಟಾರ್ಪಾಲಿನ ಅಂಚಿಗೆ ಸಿಕ್ಕಿಸಿ, ಅಂಗೈಯನ್ನು ಪಂಚೆಗೆ ಒರಸಿಕೊಂಡರು. "ಹಿಂದೆ ಬರೋರಿಗೆ" ಎಂದರು. ಮತ್ತೆ ಏನನ್ನೂ ಹೇಳಲಿಲ್ಲ.

ಆ ಹುಡುಗನ ಸಂಗತಿಯನ್ನು ಅವರಿಗೆ ಹೇಳಬೇಕೆಂದು ಹೋಗಿದ್ದೆ. ಹೇಳುವ ಅಗತ್ಯ ಕಾಣಲಿಲ್ಲ. ಲಾರಿ ದೀಪ ಹಚ್ಚಿಕೊಂಡು ಬಿ.ಎಚ್. ರಸ್ತೆಯತ್ತ ಹೊರಳಿತು. ಇವರ ಕೆಲಸ ಚೆನ್ನಾಗಿದೆಯೆಂಬುದಕ್ಕೆ ಸಾಕ್ಷಿ ಎಲ್ಲಿಂದಲೂ ಬರುವುದಿಲ್ಲ. ದೆಹಲಿಯ ತನಕ ಏನೂ ಆಗಲಿಲ್ಲವೆಂದು ಯಾರೂ ಕಾಗದ ಬರೆಯುವುದಿಲ್ಲ. ಏನೂ ಆಗದಿರುವುದೇ ಅವರು ಆ ಸಂಜೆ ಮಾಡಿದ ಕೆಲಸ.

ಆ ಮೇಲೆ ನನಗೊಂದು ಅಭ್ಯಾಸವಾಗಿದೆ. ರಸ್ತೆಯಲ್ಲಿ ಹೊರೆ ಹೊತ್ತ ಲಾರಿ ಮುಂದೆ ಹಾದುಹೋದರೆ ಅದರ ಬಣ್ಣವನ್ನೂ ಬೆನ್ನ ಬರಹವನ್ನೂ ನೋಡುವುದಕ್ಕೆ ಮೊದಲು ಹಗ್ಗದ ಕಡೆ ನೋಡುತ್ತೇನೆ. ಮೂಲೆಯಲ್ಲಿ ಮಡಿಸಿದ ಗೋಣಿಯ ಮೆತ್ತೆ ಕಂಡರೆ, ಯಾವುದೋ ಊರಿನಲ್ಲಿ ಯಾರೋ ಒಬ್ಬರು ನನ್ನನ್ನು ಕಾಣದೆಯೇ ನನ್ನ ಯೋಗಕ್ಷೇಮವನ್ನು ವಿಚಾರಿಸಿದ್ದಾರೆಂದು ತಿಳಿದುಕೊಳ್ಳುತ್ತೇನೆ.